ಬೇಲಿಯಿಂದ ನಗರಕ್ಕೆ

ಗೊರೊದ್

ಲೆನಿನ್‌ಗ್ರಾಡ್, ಸ್ಟಾಲಿನ್‌ಗ್ರಾಡ್ ಎಂಬ ಹೆಸರುಗಳಿಂದ ನಮಗೆ ಚಿರಪರಿಚಿತವಾಗಿರುವ ‘ಗ್ರಾಡ್’ ಎಂಬುದನ್ನು ಬರಿಯ ಅಲಂಕಾರದ ಪ್ರತ್ಯಯವೆಂದು ಬಗೆಯುವವರುಂಟು. ವಸ್ತುತಃ ಅದು ನಗರವಾಚಕವಾದ ರಷ್ಯನ್ ‘ಗೊರೊದ್’ ಶಬ್ದದ ಚರ್ಚ್ ಸ್ಲಾವಿಕ್ ರೂಪ. ಮೂಲಾರ್ಥವು ಬೇಲಿಯಿಂದ ಆವೃತವಾದ ಸ್ಥಳವೆಂದು. ತರಕಾರಿಯ ತೋಟಕ್ಕೆ ರಷ್ಯನ್ನರು ಇಂದಿಗೂ ‘ಒಗೊರೊದ್’ ಎನ್ನುತ್ತಾರೆ. ಇಂಗ್ಲಿಷಿನ ‘ಯಾರ್ಡ್’, ಸಂಸ್ಕೃತದ ‘ಗೃಹ’ ಇದರ ದಾಯಾದಿಗಳು.

ವೋಲ್ಖೊವ್ ನದಿಯ ಇಕ್ಕೆಲಗಳಲ್ಲಿ ಹಬ್ಬಿ, ‘ವೇಚೆ’ ಎಂಬ ಪೌರಸಭೆಯಿಂದ ಖ್ಯಾತವಾಗಿದ್ದು, 1478ರಲ್ಲಿ ಮೂರನೆಯ ಇವಾನನಿಗೆ ವಶವಾದ ಪ್ರಾಚೀನ ನೊವ್ಗೊರೊದ್ ಪುರದ ನಾಮಾರ್ಥವು ‘ಹೊಸ ಊರು’ ಎಂದಿರುವುದಲ್ಲದೆ, ಅದರ ಪೂರ್ವಪದವು ನಮ್ಮ ‘ನವ’ಶಬ್ದದ ಸಗೋತ್ರವೇ ಆಗಿರುವುದರಿಂದ, ಧಾತುಗಳ ಜಾಡನ್ನೇ ಹಿಡಿದು ಹೋದರೆ ಅದು ‘ನವಗೃಹ’ವಾಗುತ್ತದೆ. ಈ ಬಾಂಧವ್ಯ ಅಲ್ಲಿಗೇ ನಿಲ್ಲದು. 1951ರಿಂದೀಚೆಗೆ ಅಲ್ಲಿಯ ತೇವದ ಮಣ್ಣಿನೊಳಗಿಂದ ಮರದ ತೊಗಟೆಯ ಮೇಲೆ ಗೀರಿ ಬರೆದ ಓಲೆಗಳು ಸಾವಿರಕ್ಕೂ ಮಿಗಿಲಾಗಿ ದೊರೆತಿವೆ. ಸಾಲದ ಲೆಕ್ಕ, ವಿವಾಹದ ಪ್ರಸ್ತಾಪ, ಒನ್‌ಫಿಮ್ ಎಂಬ ಬಾಲಕನ ಅಕ್ಷರಾಭ್ಯಾಸ, ಹೀಗೆ ಸಾಮಾನ್ಯ ಜನರ ಬಾಳೇ ಅವುಗಳಲ್ಲಿ ಉಳಿದು ಬಂದಿರುವುದು ಅಮೂಲ್ಯವಾದ ಸಂಗತಿ. ಆ ತೊಗಟೆಯ ಮರಕ್ಕೆ ರಷ್ಯನ್ನರು ‘ಬೆರ್ಯೋಜ’ ಎನ್ನುತ್ತಾರೆ. ಕಾಶ್ಮೀರದ ಪಂಡಿತರು ತಮ್ಮ ಗ್ರಂಥಗಳನ್ನು ಬರೆದ ‘ಭೂರ್ಜ’ವೂ ಅದೇ ಕುಲದ ವೃಕ್ಷ, ಅದೇ ಮೂಲದ ಶಬ್ದ.