ಬಳಸಿದ ಜಪಾನಿ ಬೈಕು ಕೊಳ್ಳುವ ಮುನ್ನ: ಯೆರವಡಾ ಕನ್ನಡಿಗರಿಗೆ ಕಿರು ಮಾಹಿತಿ

ಯೆರವಡಾದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಕಾಲೇಜು ಸೇರಿದ ಮಗನಿಗೋ, ಖರಾಡಿಯ ಕಚೇರಿಗೆ ಹೋಗಿಬರುವ ಮಗಳಿಗೋ ಕಡಿಮೆ ಬೆಲೆಯ ಬೈಕೊಂದು ಬೇಕಾಗುವುದು ಸಹಜ. ಅಂಥವರು 100ರಿಂದ 150 ಸಿ.ಸಿ.ಯ ಬಳಸಿದ ಜಪಾನಿ ಬೈಕನ್ನು ಕೊಳ್ಳುವಾಗ ಎಂಜಿನ್ನಿಗಿಂತ ಮೊದಲು ಕಾಗದಪತ್ರಗಳನ್ನು ಪರಿಶೀಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ಆಯ್ಕೆ

1980ರ ದಶಕದಲ್ಲಿ ಜಪಾನಿನ ಕಂಪನಿಗಳು ಭಾರತೀಯ ಪಾಲುದಾರರೊಡನೆ ಇಲ್ಲಿಗೆ ಬಂದವು. ಹೊಸೂರಿನಿಂದ ಇಂಡ್-ಸುಝುಕಿ ಹೊರಬಂದಿತು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಹಾಗೂ ಯಮಹಾ ಆರ್.ಎಕ್ಸ್. 100 ಬಂದವು. ಅದೇ ದಶಕದಲ್ಲಿ ಪುಣೆಯ ಬಜಾಜ್ ಕವಾಸಾಕಿಯೊಡನೆ ಕೈಜೋಡಿಸಿತು. ಆರ್.ಎಕ್ಸ್. 100ರ ತಯಾರಿಕೆ 1996ರಲ್ಲಿ ನಿಂತಿತು. ಈಗ ಅದು ಹವ್ಯಾಸಿಗಳ ವಸ್ತು. ಬೆಲೆ ಹೆಚ್ಚು, ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಹೊಗೆಯೂ ಹೆಚ್ಚು. ದಿನಬಳಕೆಗೆ ನಾಲ್ಕು ಸ್ಟ್ರೋಕಿನ ಹೀರೋ ಹೋಂಡಾ ಸ್ಪ್ಲೆಂಡರ್, ಹೋಂಡಾ ಶೈನ್, ಯಮಹಾ ಎಫ್.ಝಡ್. ಲೇಸು.

ಎಂಜಿನ್

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು. ನಾಲ್ಕು ಸ್ಟ್ರೋಕಿನ ಬೈಕಿನಿಂದ ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಉರಿಯುತ್ತಿದೆ ಎಂದರ್ಥ. ಚೈನು, ಟೈರು, ಬ್ರೇಕು ಹಾಗೂ ಮುಂದಿನ ಫೋರ್ಕಿನಲ್ಲಿ ಆಯಿಲ್ ಸೋರಿಕೆಯನ್ನು ಪರಿಚಿತ ಮೆಕ್ಯಾನಿಕರಿಂದ ಪರೀಕ್ಷಿಸಿಕೊಳ್ಳುವುದು ಒಳಿತು.

ಕಾಗದಪತ್ರ

ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್.ಸಿ.ಯಲ್ಲಿರುವಂತೆಯೇ ಇರಬೇಕು. ನೋಂದಣಿಗೆ 15 ವರ್ಷ ತುಂಬಿದ್ದರೆ ತಪಾಸಣೆಯ ನಂತರ ಐದೈದು ವರ್ಷಕ್ಕೆ ನವೀಕರಣವಾಗಿರಬೇಕು. ಸಾಲ ತೀರಿದ್ದರೆ ಬ್ಯಾಂಕಿನ ನಮೂನೆ 35 ಕೇಳಿ ಪಡೆಯಬೇಕು. ಬಾಕಿ ದಂಡಗಳನ್ನೂ ನೋಡಿಕೊಳ್ಳಬೇಕು. ಹಸ್ತಾಂತರಕ್ಕೆ ನಮೂನೆ 29 ಮತ್ತು 30 ಅಗತ್ಯ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್.ಟಿ.ಒ.ಗೆ ತಿಳಿಸಬೇಕು. ವಿಮೆಯನ್ನೂ 14 ದಿನಗಳಲ್ಲಿ ಕೊಂಡವರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು.

ಊರಿನಲ್ಲಿ ಚಿಕ್ಕಪ್ಪನೋ ಸೋದರಮಾವನೋ ಬಿಟ್ಟ ಕೆ.ಎ. ನೋಂದಣಿಯ ಬೈಕನ್ನು ಇಲ್ಲಿಗೆ ತರಿಸುವವರು ನಮ್ಮಲ್ಲಿ ಅನೇಕರು. ಅದನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಮಹಾರಾಷ್ಟ್ರದ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್.ಟಿ.ಒ.ದ ನಿರಾಕ್ಷೇಪಣಾ ಪತ್ರವೂ, ಇಲ್ಲಿನ ತೆರಿಗೆಯೂ ಬೇಕು. ಪುಣೆಯಲ್ಲಿ ಈ ಕೆಲಸ ಸಂಗಮ ಸೇತುವೆಯ ಬಳಿಯ ಆರ್.ಟಿ.ಒ.ದಲ್ಲಿ ಆಗುತ್ತದೆ.

ಮಾರುವವರಿಗೂ ಎಚ್ಚರಿಕೆ

ಹಳೆಯ ಬೈಕನ್ನು ಬಾಯಿಮಾತಿನಲ್ಲಿ ಪರಿಚಿತರಿಗೆ ಕೊಟ್ಟು ಮರೆತುಬಿಡುವುದು ಅಪಾಯಕರ. ವಾಹನ ಕೈಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ತೀರ್ಪಿತ್ತಿದೆ. ಆದ್ದರಿಂದ ಹಣ ಎಣಿಸಿಕೊಂಡ ಮಾತ್ರಕ್ಕೆ ವ್ಯವಹಾರ ಮುಗಿಯದು, ಆರ್.ಸಿ.ಯಲ್ಲಿ ಹೆಸರು ಬದಲಾದಾಗಲೇ ಅದು ಪೂರ್ಣ. ಅಲ್ಲಿಯವರೆಗೆ ಸಹಿ ಮಾಡಿದ ನಮೂನೆಗಳ ಪ್ರತಿಗಳನ್ನು ಇಬ್ಬರೂ ಜೋಪಾನವಾಗಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇವೆ.