ಜಲಗಾರರ ಲೆಕ್ಕ

'ಜಲಗಾರ' ಅಂದ ಕೂಡಲೇ ಈಗಿನ ಓದುಗರಿಗೆ ಕುವೆಂಪು ಅವರ ನಾಟಕ, ಅದರಲ್ಲಿ ಬೀದಿ ಗುಡಿಸುವವನು ನೆನಪಾಗುತ್ತಾನೆ. ನಮ್ಮ ಗದಗ-ಮುಂಡರಗಿ ಕಡೆ ಈ ಮಾತಿಗೆ ಇನ್ನೊಂದು ಅರ್ಥವಿತ್ತು. ಮಳೆಗಾಲದಲ್ಲಿ ಹಳ್ಳದ ಮರಳು ತೊಳೆದು ಬಂಗಾರ ತೆಗೆಯುವವನು, ಉಳಿದ ದಿನ ಅಕ್ಕಸಾಲಿಗರ ಅಂಗಡಿಯ ಬೂದಿ-ಕಸ ಕೊಂಡು ಅದರಲ್ಲಿ ಪುಡಿ ಹುಡುಕುವವನು ಜಲಗಾರ. 1884ರ ಧಾರವಾಡ ಜಿಲ್ಲಾ ಗೆಜೆಟಿಯರಿನಲ್ಲಿ ಇವರ ಪ್ರಸ್ತಾಪ ಬರುತ್ತದೆ. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು.

ಬ್ಯಾಂಕಿನ ನೌಕರಿಗೆಂದು ನಾನು ಮುಂಬಯಿಗೆ ಬಂದದ್ದು 1980ರ ದಶಕದಲ್ಲಿ. ಕೆಲವು ವರ್ಷ ಕಾಲಬಾದೇವಿ ಶಾಖೆಯಲ್ಲಿದ್ದೆ. ಪಕ್ಕದಲ್ಲೇ ಝವೇರಿ ಬಜಾರು. ಅಲ್ಲಿ ಬೆಳಗಿನ ಹೊತ್ತು ಘಮೇಲಾವಾಲಾಗಳು ಓಣಿಯ ಧೂಳನ್ನು ಗುಡಿಸಿ, ಕಬ್ಬಿಣದ ಬಾಣಲೆಯಲ್ಲಿ ನೀರು ಹಾಕಿ ತಿರುಗಿಸುತ್ತ ಕೂತಿರುತ್ತಿದ್ದರು. ಕೂಡೆ ಕೆಲಸ ಮಾಡುವವರಿಗೆ ಅದು ಬಡತನದ ನೋಟ. ನನಗೆ ಮಾತ್ರ, ಇವರು ನಮ್ಮೂರ ಜಲಗಾರರ ಕಸುಬನ್ನೇ ಮಾಡುತ್ತಿದ್ದಾರಲ್ಲ ಅನ್ನಿಸಿತು. ಆವತ್ತಿನಿಂದ ಈ ವಿಷಯ ಓದುವ ಚಟ ಹತ್ತಿತು.

ಕಪ್ಪತಗುಡ್ಡದ ಬಂಗಾರದ ಬಗ್ಗೆ ಸರಿಯಾಗಿ ಬರೆದವನು ರಾಬರ್ಟ್ ಬ್ರೂಸ್ ಫೂಟ್. ಭಾರತದ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಗುರುತಿಸಿದ ಭೂವಿಜ್ಞಾನಿ ಈತನೇ. ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಮೇಲೆ ಅವನ ವರದಿ 1874ರಲ್ಲಿ ಅಚ್ಚಾಯಿತು. ಸೊರಟೂರಿನ ಸುತ್ತಿನ ಹಳ್ಳಗಳ ಮರಳಿನಲ್ಲಿ ಬಂಗಾರ ಸಿಗುವುದನ್ನು ಅವನು ದಾಖಲಿಸಿದ. ಕೋಲಾರದ ಕತೆಯೂ ಹೀಗೇ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಬಹುಮಾನದ ಆಸೆ ತೋರಿಸಿದಾಗ ಹಳ್ಳಿಯವರು ಚಕ್ಕಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನೆದುರೇ ತೊಳೆದು ಚಿನ್ನ ತೋರಿಸಿದರು. ಸಾಹೇಬರು ಬರುವ ಮೊದಲೇ ವಿದ್ಯೆ ಇಲ್ಲಿತ್ತು ಅನ್ನೋದು ಇದರಿಂದ ಸ್ಪಷ್ಟ.

ಈಗ ಲೆಕ್ಕಕ್ಕೆ ಬರೋಣ, ನಾನು ಎಷ್ಟಾದರೂ ಎಂ.ಕಾಂ. ಮನುಷ್ಯ. ಒಂದು ಟನ್ ಗರಸಿನಲ್ಲಿ ಒಂದು ಗ್ರಾಂ ಬಂಗಾರ ಇದೆ ಅಂತ ಇಟ್ಟುಕೊಳ್ಳಿ. ಅಂದರೆ ಹತ್ತು ಲಕ್ಷಕ್ಕೆ ಒಂದು ಪಾಲು. ಹಾಗಾಗಿ ಈ ಕಸುಬಿನಲ್ಲಿ ನಿಜವಾದ ಕೆಲಸ ಬಂಗಾರ ಹುಡುಕುವುದಲ್ಲ, ಬಂಗಾರವಲ್ಲದ್ದನ್ನು ಕಡಿಮೆ ಶ್ರಮದಲ್ಲಿ ಹೊರಗೆ ಹಾಕುವುದು. ಟನ್ನನ್ನು ಹತ್ತು ಕಿಲೋಗೆ ಇಳಿಸಿದರೆ ಹತ್ತು ಸಾವಿರಕ್ಕೆ ಒಂದು, ಇನ್ನೂರು ಗ್ರಾಂಗೆ ಇಳಿಸಿದರೆ ಇನ್ನೂರಕ್ಕೆ ಒಂದು. ಆದರೆ ಪ್ರತಿ ಹಂತದಲ್ಲೂ ಹತ್ತರಲ್ಲೊಂದು ಪಾಲು ನೀರಿನ ಜೊತೆ ಹೋದರೆ ಮೂರನೇ ತೊಳೆತಕ್ಕೆ ಉಳಿಯುವುದು ನೂರಕ್ಕೆ 73. ಚಕ್ರಬಡ್ಡಿ ತಿರುವುಮುರುವಾದಂತೆ.

ಬಂಗಾರದ ಸಾಂದ್ರತೆ 19.3, ಬೆಣಚುಕಲ್ಲಿನದು 2.65, ಸುಮಾರು ಏಳು ಪಟ್ಟು. ನೀರಿನೊಳಗೆ ಎರಡರಿಂದಲೂ ಒಂದೊಂದು ಕಳೆಯಬೇಕಾದ್ದರಿಂದ ಅಂತರ ಹನ್ನೊಂದು ಪಟ್ಟಿಗೆ ಏರುತ್ತದೆ. ನೀರು ಬೇಕಾಗುವುದು ಮಣ್ಣು ತೊಳೆಯಲಿಕ್ಕಷ್ಟೇ ಅಲ್ಲ, ಈ ಲಾಭಕ್ಕೂ ಹೌದು. ಆದರೂ ಒಂದು ತೊಡಕಿದೆ. ದೊಡ್ಡ ಬೆಣಚುಕಲ್ಲು, ಸಣ್ಣ ಚಿನ್ನದ ಕಣ ನೀರಿನಲ್ಲಿ ಒಂದೇ ವೇಗದಲ್ಲಿ ಇಳಿಯಬಹುದು. ಅದಕ್ಕೇ ಮೊದಲು ಜರಡಿ ಹಿಡಿದು ದಪ್ಪದ್ದು, ಸಣ್ಣದ್ದು ಬೇರೆ ಮಾಡಿ, ಬೇರೆ ಬೇರೆಯಾಗಿ ತೊಳೆಯಬೇಕು. ಜರಡಿಗೆ ಮುಂಚೆ ಜೇಡಿಮಣ್ಣಿನ ಉಂಡೆಗಳನ್ನು ನೀರಿನಲ್ಲಿ ಚೆನ್ನಾಗಿ ಕಿವುಚಿ ಒಡೆಯಬೇಕು, ಇಲ್ಲದಿದ್ದರೆ ಉಂಡೆ ಉರುಳುತ್ತ ಬಂಗಾರವನ್ನೂ ಕಟ್ಟಿಕೊಂಡು ಹೋಗುತ್ತದೆ. ಖರ್ಚಿಲ್ಲದ ಈ ಎರಡು ಕೆಲಸದಿಂದ ಆಗುವ ಉಪಕಾರ ದುಬಾರಿ ಯಂತ್ರದಿಂದಲೂ ಆಗದು. ಅಕ್ಕಿ ಕೇರುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನುಚ್ಚು ಬೇರೆ, ಕಾಳು ಬೇರೆ ಆದ ಮೇಲೇ ಮೊರ.

ನಮ್ಮವರ ಮರದ ಮರಿಗೆಯಾಗಲಿ, ಕ್ಯಾಲಿಫೋರ್ನಿಯಾದ ತಟ್ಟೆಯಾಗಲಿ, ಒಬ್ಬ ಪಳಗಿದ ಆಳಿನಿಂದ ದಿನಕ್ಕೆ ಸುಮಾರು ಐವತ್ತು ತಟ್ಟೆ, ಅಂದರೆ ಅರ್ಧ ಘನಗಜದ ಆಸುಪಾಸು ಮಣ್ಣು ತೊಳೆಯಬಹುದು. ನೀರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸೊಂಟ ಹಿಡಿದು. 1848ರಲ್ಲಿ ಐಸಾಕ್ ಹಂಫ್ರಿ ಎಂಬವನು ಜಾರ್ಜಿಯಾದಲ್ಲಿ ಕಲಿತಿದ್ದ 'ರಾಕರ್' ಎಂಬ ತೊಟ್ಟಿಲನ್ನು ಕ್ಯಾಲಿಫೋರ್ನಿಯಾಕ್ಕೆ ತಂದ. ಮೇಲೆ ತೂತಿನ ತಗಡು, ಅದರ ಕೆಳಗೆ ಇಳಿಜಾರಾದ ಕ್ಯಾನ್ವಾಸ್, ತಳದಲ್ಲಿ ಅಡ್ಡಪಟ್ಟಿಗಳು. ಒಬ್ಬ ಮಣ್ಣು ಹಾಕಿ ನೀರು ಸುರಿಯುತ್ತಾನೆ, ಇನ್ನೊಬ್ಬ ತೂಗುತ್ತಾನೆ. ದಿನಕ್ಕೆ ಮೂರರಿಂದ ಐದು ಘನಗಜ. ನಾಲ್ಕು ಹಲಗೆಯ ಬಂಡವಾಳಕ್ಕೆ ಇಷ್ಟು ಪ್ರತಿಫಲ ಕೊಟ್ಟ ಯೋಜನೆ ನನ್ನ ಸಾಲದ ಫೈಲುಗಳಲ್ಲಿ ಒಂದೂ ಬರಲಿಲ್ಲ!

ನೀರಿನ ಹರಿವು ಇದ್ದಲ್ಲಿ ಉದ್ದನೆಯ ದೋಣಿ-ಕಾಲುವೆ ಇನ್ನೂ ಸುಲಭ. ತಳದಲ್ಲಿ ಒರಟಾದ ಕಂಬಳಿಯನ್ನೋ ಚಾಪೆಯನ್ನೋ ಹಾಸಿದರೆ ಸಣ್ಣ ಕಣವೂ ಅದರ ಎಳೆಯಲ್ಲಿ ಸಿಕ್ಕಿಬೀಳುತ್ತದೆ. ಕಾಕಸಸ್ ನಾಡಿನಲ್ಲಿ ಕುರಿಯ ತುಪ್ಪಟದಿಂದ ನದಿಯ ಚಿನ್ನ ಹಿಡಿಯುತ್ತಿದ್ದರೆಂದು ಗ್ರೀಕರ ಸ್ಟ್ರೇಬೊ ಬರೆದಿದ್ದಾನೆ. ಚಿನ್ನದ ತುಪ್ಪಟದ ಪುರಾಣ ಹುಟ್ಟಿದ್ದು ಅಲ್ಲಿಂದಲೇ ಎನ್ನುವುದು ಅವನ ಊಹೆ. ಜರ್ಮನಿಯ ಅಗ್ರಿಕೋಲಾನ 1556ರ ಗಣಿ ಗ್ರಂಥದಲ್ಲೂ ಬಟ್ಟೆ, ಚರ್ಮ ಹಾಸಿದ ಕಾಲುವೆಗಳ ಚಿತ್ರಗಳಿವೆ.

ಇಷ್ಟಾದ ಮೇಲೂ ತಟ್ಟೆಯಲ್ಲಿ ಕರಿಮರಳು ಉಳಿಯುತ್ತದೆ. ಅದರ ಸಾಂದ್ರತೆ 5ರ ಸುಮಾರು, ಜಪ್ಪಯ್ಯ ಅಂದರೂ ಸುಲಭಕ್ಕೆ ಹೋಗುವುದಿಲ್ಲ. ಅಲ್ಲೇ ಪಾದರಸದ ಆಸೆ ಹುಟ್ಟುವುದು. ಪಾದರಸ ಬಂಗಾರವನ್ನು ತಬ್ಬಿಕೊಳ್ಳುತ್ತದೆ. ಕಾಯಿಸಿದರೆ 357 ಡಿಗ್ರಿಗೆ ತಾನು ಹಾರಿಹೋಗಿ ಬಂಗಾರ ಬಿಟ್ಟುಹೋಗುತ್ತದೆ. ಹಾರಿದ್ದು ಹೋಗುವುದು ಎಲ್ಲಿಗೆ? ಒಲೆಯ ಮುಂದೆ ಕೂತವರ ಶ್ವಾಸಕೋಶಕ್ಕೆ, ಪಕ್ಕದಲ್ಲಿ ಆಡುವ ಮಕ್ಕಳಿಗೆ. ಕೈ ನಡುಗುವುದು, ಮರೆವು, ಕಿಡ್ನಿ ಹಾಳಾಗುವುದು ವರ್ಷಗಳ ಮೇಲೆ ಕಾಣಿಸುತ್ತದೆ. ಮನುಷ್ಯನ ಕೆಲಸಗಳಿಂದ ಜಗತ್ತಿನ ಗಾಳಿಗೆ ಸೇರುವ ಪಾದರಸದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಂಥ ಸಣ್ಣ ಚಿನ್ನಗಾರಿಕೆಯಿಂದಲೇ ಬರುತ್ತದೆ. ಇದನ್ನು ತಡೆಯುವುದೂ ಸೇರಿದಂತೆ ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದ 2013ರಲ್ಲಿ ಆಯಿತು, 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅನುಮೋದಿಸಿತು.

ಕಾನೂನಿಗಿಂತ ನನಗೆ ಹಿಡಿಸಿದ್ದು ಫಿಲಿಪೈನ್ಸಿನ ಬೆಂಗೆಟ್ ಪ್ರಾಂತದ ಗಣಿಗಾರರ ಉಪಾಯ. ಅವರು ಪಾದರಸದ ಬದಲು ಬೊರಾಕ್ಸ್, ಅಂದರೆ ನಮ್ಮ ಅಕ್ಕಸಾಲಿಗರ ಬಿಳಿಗಾರವನ್ನೇ ಬಳಸುತ್ತಾರೆ. ಚೆನ್ನಾಗಿ ತೊಳೆದು ಉಳಿದ ಪುಡಿಯಿಂದ ಆಯಸ್ಕಾಂತದಲ್ಲಿ ಕಬ್ಬಿಣದ ಕಣ ತೆಗೆದು, ಬಿಳಿಗಾರ ಬೆರೆಸಿ ಮೂಸೆಯಲ್ಲಿ ಕಾಯಿಸುತ್ತಾರೆ. ಉಳಿದ ಖನಿಜ ಬೇಗ ಕರಗಿ ಕಿಟ್ಟವಾಗುತ್ತದೆ, ಬಂಗಾರ ತಳದಲ್ಲಿ ಗುಂಡಾಗಿ ಕೂಡುತ್ತದೆ. ಷರತ್ತು ಒಂದೇ: ಮೂಸೆಗೆ ಹಾಕುವ ಪುಡಿ ಸ್ವಲ್ಪವೇ ಇರಬೇಕು, ಅದರಲ್ಲಿ ಬಂಗಾರದ ಪಾಲು ಸಾಕಷ್ಟಿರಬೇಕು. ಹತ್ತು ಕಿಲೋ ಕರಿಮರಳನ್ನು ಬಿಳಿಗಾರ ಹಾಕಿ ಕರಗಿಸುತ್ತ ಕೂತರೆ ಇದ್ದಿಲಿನ ಖರ್ಚೇ ಗಿಟ್ಟುವುದಿಲ್ಲ. ಅದನ್ನು ಇನ್ನೂರು ಗ್ರಾಂಗೆ ಇಳಿಸುವುದು ಜರಡಿ, ಕಂಬಳಿ ಮತ್ತು ಕೈಚಳಕದ ಕೆಲಸ.