ಯಂತ್ರ ಹೋಯಿತು, ಕೊಂಡಿ ಉಳಿಯಿತು

ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಮಾಹಿತಿ ಸಾಗಿಸುವುದು ನನ್ನ ಹೊಟ್ಟೆಪಾಡು. ಹಾಗಾಗಿ ತಂತ್ರಜ್ಞಾನದ ಇತಿಹಾಸ ಓದುವಾಗ ‘ಏನು ಕಂಡುಹಿಡಿದರು’ ಎನ್ನುವುದಕ್ಕಿಂತ ‘ಕೊನೆಗೆ ಏನು ಉಳಿಯಿತು’ ಎಂಬ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ‘ಇಂಟರ್‌ಮೀಡಿಯಾ’ದ ಕಥೆ ಅಂಥದ್ದು.

ಅಲ್ಲಿ 1967ರಲ್ಲೇ ಆಂಡ್ರೀಸ್ ವ್ಯಾನ್ ಡ್ಯಾಮ್ ಮತ್ತು ಟೆಡ್ ನೆಲ್ಸನ್ ಹೈಪರ್‌ಟೆಕ್ಸ್ಟ್ ವ್ಯವಸ್ಥೆಯೊಂದನ್ನು ಕಟ್ಟಿದ್ದರು. 1970ರ ದಶಕದಲ್ಲಿ ಅದರ ಮುಂದಿನ ರೂಪವನ್ನು ಕವಿತೆಯ ತರಗತಿಯಲ್ಲಿ ಬಳಸಿಯೂ ನೋಡಿದ್ದರು. 1985ರಲ್ಲಿ ಆರಂಭವಾದ ಇಂಟರ್‌ಮೀಡಿಯಾ ಒಂದಕ್ಕೊಂದು ಸಂಬಂಧವೇ ಇಲ್ಲವೆನಿಸುವ ಎರಡು ತರಗತಿಗಳಿಗೆ ಹೋಯಿತು: ಜಾರ್ಜ್ ಲ್ಯಾಂಡೋ ಅವರ ಇಂಗ್ಲಿಷ್ ಸಾಹಿತ್ಯ, ಪೀಟರ್ ಹೇವುಡ್ ಅವರ ಸಸ್ಯಕೋಶ ಜೀವಶಾಸ್ತ್ರ.

ಲ್ಯಾಂಡೋ ತರಗತಿಯಲ್ಲಿ ಡಿಕನ್ಸ್ ಓದುವ ವಿದ್ಯಾರ್ಥಿ ಅಲ್ಲಿಂದಲೇ ಆ ಕಾಲದ ಸಮಾಜ, ಧರ್ಮ, ವಿಜ್ಞಾನಗಳತ್ತ ಹೊರಳಬಹುದಿತ್ತು. ಕೊಂಡಿಗಳು ಎರಡೂ ದಿಕ್ಕಿಗೆ ಕೆಲಸ ಮಾಡುತ್ತಿದ್ದವು. ಅವನ್ನು ಪಠ್ಯದೊಳಗೆ ಹೂಳದೆ ಬೇರೆಯಾಗಿ ಸಂಗ್ರಹಿಸಿಟ್ಟದ್ದರಿಂದ, ಒಂದೇ ಪಠ್ಯದ ಮೇಲೆ ಇಬ್ಬರು ಬೇರೆ ಬೇರೆ ಬಲೆ ಹೆಣೆಯಬಹುದಿತ್ತು. ವಿದ್ಯಾರ್ಥಿಗಳ ಬರಹಗಳೂ ಅದರೊಳಗೆ ಸೇರಿದವು.

1990ರ ದಶಕದ ಆರಂಭದಲ್ಲಿ ಎಲ್ಲ ನಿಂತಿತು. ಹಣದ ನೆರವು ಬತ್ತಿತು. ಅದು ಆಧರಿಸಿದ್ದ ಆ್ಯಪಲ್‌ನ ಎ/ಯುಎಕ್ಸ್ ಆಪರೇಟಿಂಗ್ ಸಿಸ್ಟಮ್ ಬದಲಾದಾಗ ಹೊಸ ಆವೃತ್ತಿಯಲ್ಲಿ ಇಂಟರ್‌ಮೀಡಿಯಾ ಓಡಲಿಲ್ಲ. ಲ್ಯಾಂಡೋ ತಮ್ಮ ಸಾಮಗ್ರಿಯನ್ನು ‘ಸ್ಟೋರಿಸ್ಪೇಸ್’ ಎಂಬ ತಂತ್ರಾಂಶಕ್ಕೆ, ಅಲ್ಲಿಂದ ಅಂತರಜಾಲಕ್ಕೆ ಸಾಗಿಸಿದರು. ಅದೇ ‘ವಿಕ್ಟೋರಿಯನ್ ವೆಬ್’ ಆಗಿ ಬೆಳೆಯಿತು. ಎರಡು ದಿಕ್ಕಿನ ಕೊಂಡಿಯ ಸೊಗಸು ದಾರಿಯಲ್ಲೇ ಕಳೆದುಹೋಯಿತು. ಆದರೆ ಯಾವುದನ್ನು ಯಾವುದಕ್ಕೆ, ಏಕೆ ಜೋಡಿಸಬೇಕೆಂದು ಮೇಷ್ಟ್ರು, ವಿದ್ಯಾರ್ಥಿಗಳು ಕೂತು ಯೋಚಿಸಿದ್ದು ಉಳಿಯಿತು.

ನನಗೆ ಮುಖ್ಯವೆನಿಸುವುದು ಇದೇ. ನಾನಿರುವ ಮಹಾರಾಷ್ಟ್ರದ್ದೇ ಉದಾಹರಣೆ ತೆಗೆದುಕೊಳ್ಳಿ. ಮುಂಬೈ ಗಿರಣಿಗಳ ಬದುಕು ನಾರಾಯಣ ಸುರ್ವೆಯವರ ಕವಿತೆಯಲ್ಲಿದೆ, ಹಬೆಯಂತ್ರದ ಪಾಠದಲ್ಲಿದೆ, 1982ರ ಮುಷ್ಕರದ ಅರ್ಥಶಾಸ್ತ್ರದಲ್ಲಿದೆ. ಮೂರನ್ನೂ ಒಂದೇ ಪರದೆಯ ಮೇಲೆ ತರಲು ಈಗ ದುಬಾರಿ ಯಂತ್ರ ಬೇಡ. ಮೂರು ವಿಭಾಗದ ಮೂವರು ಅಧ್ಯಾಪಕರು ವಾರಕ್ಕೊಂದು ಗಂಟೆ ಒಟ್ಟಿಗೆ ಕೂರಬೇಕು. ಪ್ರಾಜೆಕ್ಟಿನ ಬಜೆಟ್ಟಿನಲ್ಲಿ ಲೈಸೆನ್ಸಿಗೆ, ಲ್ಯಾಬಿಗೆ ಒಂದೊಂದು ಸಾಲು ಇರುತ್ತದೆ. ಆ ಒಂದು ಗಂಟೆಗೂ ಒಂದು ಸಾಲು ಇರಲಿ. ಯಂತ್ರಗಳೆಲ್ಲ ಗುಜರಿಗೆ ಹೋದ ಮೇಲೂ ಉಳಿಯುವುದು ಅದೇ.